ವರ್ಗಾವಣೆಯ ಹೊರೆ: ಸರ್ಕಾರಿ ನೌಕರರ ಮನೆಸಾಮಾನಿನ ಸಾಗಣೆ ವೆಚ್ಚ ಕುರಿತ ಒಂದು ಚಾರಿತ್ರಿಕ ಸಮೀಕ್ಷೆ

೧

ರಾಜ್ಯವೆಂಬ ಸಂಸ್ಥೆಯನ್ನು ಅದರ ಯುದ್ಧಗಳಿಂದಲೂ ಒಪ್ಪಂದಗಳಿಂದಲೂ ಕಂದಾಯದ ಲೆಕ್ಕಗಳಿಂದಲೂ ಅಳೆಯುವುದು ಚರಿತ್ರೆಯ ಅಭ್ಯಾಸಿಗಳ ವಾಡಿಕೆ. ಅದೇ ರಾಜ್ಯವು ತನ್ನ ನೌಕರನೊಬ್ಬನನ್ನು ಒಂದೂರಿನಿಂದ ಇನ್ನೊಂದೂರಿಗೆ ಕಳುಹಿಸಿದಾಗ ಅವನ ಹಂಡೆ, ಪೆಟ್ಟಿಗೆ, ತೊಟ್ಟಿಲುಗಳನ್ನು ಹೊತ್ತವರು ಯಾರು, ಹೊತ್ತುದಕ್ಕೆ ಕೂಲಿ ತೆತ್ತವರು ಯಾರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಆಳುವವನಿಗೂ ಆಳಿಸಿಕೊಳ್ಳುವವನಿಗೂ ಇರುವ ಸಂಬಂಧವು ತಾಮ್ರಶಾಸನದ ಪ್ರಶಸ್ತಿಭಾಗದಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಇಂಥ ಎಡೆಗಳಲ್ಲಿ ಕಾಣುತ್ತದೆ ಎಂಬುದು ನಮ್ಮ ನಂಬಿಕೆ.

ಇಂದಿನ ನಿಯಮದ ಸ್ವರೂಪ ಎಲ್ಲ ನೌಕರರಿಗೂ ಪರಿಚಿತವಾದುದು. ಸಾರ್ವಜನಿಕ ಹಿತದೃಷ್ಟಿಯಿಂದ ವರ್ಗಾವಣೆಯಾದವನಿಗೆ ಅವನ ದರ್ಜೆಗೆ ತಕ್ಕಂತೆ ಇಷ್ಟು ತೂಕದವರೆಗಿನ ಮನೆಸಾಮಾನಿನ ಸಾಗಣೆ ವೆಚ್ಚವನ್ನು ಸರ್ಕಾರ ಕೊಡುತ್ತದೆ. ಅದಕ್ಕೆ ಮೀರಿದ ತೂಕದ ವೆಚ್ಚ ನೌಕರನದೇ. ಸ್ವಂತ ಕೋರಿಕೆಯ ಮೇಲೆ ವರ್ಗಾವಣೆ ಪಡೆದವನಿಗೆ ಏನೂ ಇಲ್ಲ. ಈ ಮಿತಿಯನ್ನು ನೌಕರರು ಸಾಮಾನ್ಯವಾಗಿ ಸರ್ಕಾರದ ಜಿಪುಣತನವೆಂದೇ ತಿಳಿಯುತ್ತಾರೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ವಿಷಯ ಬೇರೆಯಾಗಿ ಕಾಣುತ್ತದೆ. ಅಧಿಕ ತೂಕವೆಂಬುದು ಎಲ್ಲ ಕಾಲದಲ್ಲಿಯೂ ಇದ್ದಿತು. ಅದು ಬಹುಕಾಲ ಹಳ್ಳಿಯವನ ಹೆಗಲ ಮೇಲೆ, ಯಾವ ಲೆಕ್ಕಕ್ಕೂ ಸೇರದೆ, ಬೀಳುತ್ತಿದ್ದಿತು. ಹೊರೆಗೆ ಒಬ್ಬ ಒಡೆಯನಿದ್ದಾನೆ, ಅದನ್ನು ತೂಗಬೇಕು, ಕೂಲಿ ತೆರಬೇಕು ಎಂಬ ಭಾವನೆ ನೆಲೆಗೊಂಡುದು ಈಚಿನದು. ಈ ಬೆಳವಣಿಗೆಯ ಮುಖ್ಯ ಘಟ್ಟಗಳನ್ನು ಗುರುತಿಸಿ, ಇಂದಿನ ನಿಯಮದಲ್ಲಿ ಉಳಿದಿರುವ ಹಳೆಯ ದೋಷವೊಂದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಸಮೀಕ್ಷೆಗೆ ನೆಲೆಯಾಗಿ ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರನ್ನು ಆರಿಸಿಕೊಂಡಿದ್ದೇವೆ. ಭದ್ರಾನದಿಯ ದಡದ ಈ ಹೋಬಳಿಕೇಂದ್ರ ತುಂಗೆಯೂ ಭದ್ರೆಯೂ ಕೂಡುವ ಕೂಡಲಿಗೆ ಸಮೀಪದಲ್ಲಿದೆ. ಇಲ್ಲಿ ೧೮೩೦ರಲ್ಲಿ ವೃಂದಾವನಸ್ಥರಾದ ಉತ್ತರಾದಿ ಮಠದ ಸತ್ಯಧರ್ಮತೀರ್ಥರ ವೃಂದಾವನವಿರುವುದರಿಂದ ಊರು ಯಾತ್ರಿಕರಿಗೆ ಪರಿಚಿತ. ನಮ್ಮ ವಿಚಾರಕ್ಕೆ ಮುಖ್ಯವಾದುದು ಇನ್ನೊಂದು ಸಂಗತಿ: ಊರು ರೈಲುದಾರಿಯ ಮೇಲಿಲ್ಲ. ಇಲ್ಲಿಗೆ ಬಂದ ಪ್ರತಿಯೊಬ್ಬ ನೌಕರನ ಸಾಮಾನೂ ಎತ್ತು, ಗಾಡಿ, ಲಾರಿ ಅಥವಾ ಮನುಷ್ಯನ ತಲೆಯ ಮೇಲೆಯೇ ಬರಬೇಕಾಯಿತು. ನಾಡಿನ ಬಹುಪಾಲು ಹೋಬಳಿಗಳ ಸ್ಥಿತಿಯೂ ಇದೇ ಆದುದರಿಂದ ಹೊಳೆಹೊನ್ನೂರನ್ನು ಒಂದು ಮಾದರಿಯೆಂದು ಭಾವಿಸಬಹುದು.

೨

ನೌಕರನ ಹೊರೆಯನ್ನು ಪ್ರಜೆ ಹೊರಬೇಕೆಂಬ ಕಟ್ಟಳೆ ಬಹು ಪ್ರಾಚೀನವಾದುದು. ಸಂಸ್ಕೃತ ಗ್ರಂಥಗಳಲ್ಲಿ ಇದಕ್ಕೆ ‘ವಿಷ್ಟಿ’ ಎಂದು ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದು ರಾಜನ ಸಾಧನಸಂಪತ್ತುಗಳಲ್ಲೊಂದು. ಕ್ರಿ.ಶ. ಸುಮಾರು ೧೫೦ರ ಜುನಾಗಢದ ಶಾಸನದಲ್ಲಿ ಕ್ಷತ್ರಪ ರುದ್ರದಾಮನು ಸುದರ್ಶನವೆಂಬ ಕೆರೆಯ ಒಡೆದ ಏರಿಯನ್ನು ಕಟ್ಟಿಸಿದಾಗ ಪುರಜನರನ್ನೂ ಜಾನಪದರನ್ನೂ ಕರದಿಂದಾಗಲಿ ವಿಷ್ಟಿಯಿಂದಾಗಲಿ ಪೀಡಿಸಲಿಲ್ಲವೆಂದು ಹೇಳಿಕೊಂಡಿದ್ದಾನೆ. ಹಾಗೆ ಹೇಳಿಕೊಳ್ಳುವುದು ಒಂದು ಹೆಗ್ಗಳಿಕೆಯಾಗಿದ್ದಿತೆಂದರೆ ಪೀಡಿಸುವುದೇ ರೂಢಿಯಾಗಿದ್ದಿತೆಂದು ಊಹಿಸುವುದು ತಪ್ಪಾಗದು.

ಈ ವಿಷ್ಟಿಯೇ ಕನ್ನಡದಲ್ಲಿ ‘ಬಿಟ್ಟಿ’ಯಾಯಿತು. ಈ ಮಾತಿನ ಅರ್ಥಪರಿಣಾಮ ಗಮನಾರ್ಹವಾದುದು. ಮೊದಲು ಅದು ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ. ದುಡಿದವನ ಕಡೆಯಿಂದ ನೋಡಿದ ಮಾತು. ಇಂದು ‘ಬಿಟ್ಟಿ ಸಿಕ್ಕಿತು’ ಎಂದರೆ ಬೆಲೆ ತೆರದೆ ದೊರೆಯಿತೆಂದು ಅರ್ಥ. ಅದು ಪಡೆದವನ ಕಡೆಯ ಮಾತು. ದುಡಿದವನು ಮಾತಿನಿಂದಲೂ ಮರೆಯಾಗಿದ್ದಾನೆ.

ಸಾಗಣೆಯ ಹೊರೆಗೆ ನೇರವಾಗಿ ಸಂಬಂಧಿಸಿದ ಬಹು ಹಳೆಯ ಆಧಾರವೊಂದು ಕರ್ನಾಟಕದ ನೆಲದಲ್ಲಿಯೇ ದೊರೆತಿದೆ. ಈಗಿನ ವಿಜಯನಗರ ಜಿಲ್ಲೆಯ ಹಿರೇಹಡಗಲಿಯಲ್ಲಿ ಸಿಕ್ಕಿದ, ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಕ್ರಿ.ಶ. ನಾಲ್ಕನೆಯ ಶತಮಾನಕ್ಕೆ ಸೇರಿದವು. ದತ್ತಿಭೂಮಿಗೆ ಕೊಟ್ಟ ವಿನಾಯಿತಿಗಳ ಪಟ್ಟಿಯಲ್ಲಿ, ಅಧಿಕಾರಿಗಳಿಗೆ ಅನ್ನ, ನೀರಿನ ಪಾತ್ರೆ, ಮಂಚ, ವಸತಿಗಳನ್ನು ಒದಗಿಸಬೇಕಾಗಿಲ್ಲವೆಂದೂ, ಪರಂಪರೆಯಾಗಿ ಎತ್ತುಗಳನ್ನು ಹಿಡಿಯತಕ್ಕುದಲ್ಲವೆಂದೂ ಇದೆ. ಪರಂಪರೆಯಾಗಿ ಎಂದರೆ ಒಂದರ ಹಿಂದೊಂದರಂತೆ, ಸರದಿಯ ಮೇಲೆ. ಅಧಿಕಾರಿ ಬಂದಾಗ ಈ ಊರಿನ ಎತ್ತು ಮುಂದಿನ ಊರಿನ ಎಲ್ಲೆಯವರೆಗೆ, ಅಲ್ಲಿಂದ ಆ ಊರಿನ ಎತ್ತು ಅದರ ಮುಂದಿನ ಊರಿನವರೆಗೆ ಎಂಬ ಏರ್ಪಾಟು ಇಲ್ಲಿ ಸೂಚಿತವಾಗಿದೆಯೆಂದು ತಿಳಿಯಬಹುದು. ಸಾವಿರದ ಆರುನೂರು ವರ್ಷಗಳ ಹಿಂದೆಯೇ ಸರ್ಕಾರಿ ಸಾಗಣೆ ಒಂದು ಕ್ರಮಬದ್ಧವಾದ ಹೊರೆಯಾಗಿದ್ದಿತು. ಅದರಿಂದ ಬಿಡುಗಡೆ ಒಂದು ವರವಾಗಿದ್ದಿತು.

ಮುಂದಿನ ರಾಜವಂಶಗಳ ದಾನಶಾಸನಗಳಲ್ಲಿ ಭಟರೇ ಮೊದಲಾದ ರಾಜಪುರುಷರು ಊರನ್ನು ಪ್ರವೇಶಿಸಕೂಡದೆಂಬ ಷರತ್ತೂ, ‘ಸರ್ವಬಾಧಾ ಪರಿಹಾರ’ವೆಂಬ ಮಾತೂ ಮತ್ತೆ ಮತ್ತೆ ಬರುತ್ತವೆ. ಶಿವಮೊಗ್ಗೆ ಜಿಲ್ಲೆಯ ಶಾಸನಗಳು ರೈಸರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ ೧೯೦೨ ಮತ್ತು ೧೯೦೪ರಲ್ಲಿ ಅಚ್ಚಾಗಿವೆ. ವಿದ್ಯಾರ್ಥಿಗಳು ಈ ಸಂಪುಟಗಳನ್ನು ಅರಸರ ಬಿರುದುಗಳಿಗಾಗಿ ಓದುವಂತೆಯೇ ಇಂಥ ವಿನಾಯಿತಿಗಳಿಗಾಗಿಯೂ ಓದಬೇಕು. ಒಂದೂರಿಗೆ ದೊರೆತ ವಿನಾಯಿತಿ ದೊರೆಯದ ನೂರು ಊರುಗಳ ಸ್ಥಿತಿಯನ್ನು ಹೇಳುತ್ತದೆ.

೩

ಹೊಳೆಹೊನ್ನೂರು ವ್ಯಾಪಕವಾದ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ. ೧೭೯೧ರ ಡಿಸೆಂಬರಿನಲ್ಲಿ ಪರಶುರಾಮ ಭಾವೂ ನಾಯಕತ್ವದ ಮರಾಠಾ ಸೈನ್ಯವೂ ಅದರೊಡನಿದ್ದ ಕ್ಯಾಪ್ಟನ್ ಲಿಟ್ಲನ ಇಂಗ್ಲಿಷ್ ತುಕಡಿಯೂ ಇಲ್ಲಿನ ಕೋಟೆಯನ್ನು ಹಿಡಿದು ಶಿವಮೊಗ್ಗೆಯ ಕಡೆಗೆ ನಡೆದವು. ಆ ತಿಂಗಳ ೨೯ರಂದು ಗಾಜನೂರಿನ ಬಳಿ ನಡೆದ ಕಾಳಗದಲ್ಲಿ ಗಾಯಗೊಂಡ ಎಡ್ವರ್ಡ್ ಮೂರ್ ೧೭೯೪ರಲ್ಲಿ ಪ್ರಕಟಿಸಿದ ವೃತ್ತಾಂತದಲ್ಲಿ ಈ ಊರಿನ ಹೆಸರು ‘ಹೂಲಿ ಆನರ್’ ಎಂಬಂತೆ ರೂಪಾಂತರಗೊಂಡಿದೆ.

ಈ ಯುದ್ಧ ನಮ್ಮ ವಿಷಯಕ್ಕೆ ಒಂದು ಪಾಠವನ್ನು ಕೊಡುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದಿದ್ದ ಕಾರ್ನ್‌ವಾಲಿಸನು ಹಿಂದಿರುಗಬೇಕಾಯಿತು. ಮೇವಿಲ್ಲದೆ, ರೋಗದಿಂದ, ಅವನ ಸೈನ್ಯದ ಎತ್ತುಗಳು ಗುಂಪುಗುಂಪಾಗಿ ಸತ್ತಿದ್ದವು. ಭಾರವಾದ ಫಿರಂಗಿಗಳನ್ನೂ ಸರಂಜಾಮನ್ನೂ ತಾನೇ ನಾಶಪಡಿಸಿ ಹೊರಡುವುದು ಅನಿವಾರ್ಯವಾಯಿತು. ಎಳೆಯುವ ಎತ್ತಿಗಿಂತ ಹೊರೆ ಹೆಚ್ಚಾದರೆ ಹೊರೆಯನ್ನು ಬಿಡಬೇಕೆಂಬುದನ್ನು ರಾಜ್ಯ ಯುದ್ಧಭೂಮಿಯಲ್ಲಿ ಕಲಿಯಿತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯನ್ನು ಹೈದರನು ದಂಡಿನ ಸಾಗಣೆಗೆ ಬಳಸಿದುದೂ, ಟಿಪ್ಪು ಅದಕ್ಕೆ ಅಮೃತಮಹಲೆಂಬ ಹೆಸರಿಟ್ಟು ಬೆಳೆಸಿದುದೂ ಇದೇ ಅರಿವಿನಿಂದ. ಸೇನೆಯ ಸಾಗಣೆಗೆ ಹೀಗೆ ಸರ್ಕಾರದ ಸ್ವಂತ ಎತ್ತುಗಳಾದವು. ಶಾಂತಿಕಾಲದ ಅಮಲ್ದಾರನಿಗೂ ಶೇಕದಾರನಿಗೂ ಅಂಥ ಎತ್ತುಗಳಿರಲಿಲ್ಲ. ಅವರಿಗೆ ಹಳ್ಳಿಯ ಎತ್ತುಗಳೇ ಅಮೃತಮಹಲು.

೪

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವರ್ಗಾವಣೆಯಿದ್ದಲ್ಲಿ ಮಾತ್ರ ವರ್ಗಾವಣೆಯ ಹೊರೆ. ಹಳ್ಳಿಯ ಶಾನುಭೋಗ, ಪಟೇಲ, ತಳವಾರ, ತೋಟಿಗಳು ವಂಶಪಾರಂಪರ್ಯದವರು. ಹುಟ್ಟಿದ ಮನೆಯಲ್ಲಿಯೇ ಅಧಿಕಾರ ನಡೆಸಿ ಅಲ್ಲಿಯೇ ಸಾಯುವವರು. ಅವರ ಒರಳುಕಲ್ಲು ಕದಲುತ್ತಿರಲಿಲ್ಲ. ಅಧಿಕಾರ ಒಂದೇ ಕೈಯಲ್ಲಿ ಬಹುಕಾಲ ನಿಂತರೆ ಕೆಡುತ್ತದೆಂಬ ಅಭಿಪ್ರಾಯ ಕೌಟಿಲ್ಯನಷ್ಟು ಹಳೆಯದು; ಇಲಾಖೆಗಳ ಮುಖ್ಯಸ್ಥರು ಅನೇಕರಾಗಿರಬೇಕು, ಶಾಶ್ವತವಾಗಿರಬಾರದು ಎಂದು ಅವನ ಮತ. ಆದರೆ ಕೆಳಗಿನ ನೌಕರರವರೆಗೆ ವರ್ಗಾವಣೆಯೆಂಬುದು ಆಡಳಿತದ ನಿತ್ಯಕ್ರಮವಾದುದು ಹತ್ತೊಂಬತ್ತನೆಯ ಶತಮಾನದ ಸಂಬಳದ ನೌಕರಶಾಹಿಯಿಂದ.

ಮೈಸೂರಿನಲ್ಲಿ ಇದರ ಬೆಳವಣಿಗೆ ೧೮೩೧ರಿಂದ ೧೮೮೧ರವರೆಗಿನ ಕಮಿಷನರ ಆಡಳಿತದ ಕಾಲದ್ದು. ನಗರದ ದಂಗೆ ಈ ಆಡಳಿತಕ್ಕೆ ಕಾರಣವಾದುದು ಎಲ್ಲರಿಗೂ ತಿಳಿದ ಸಂಗತಿ. ಕಂದಾಯಾಧಿಕಾರಿಗಳ ಮೇಲಿನ ಅಸಮಾಧಾನವೇ ಆ ದಂಗೆಯ ಮೂಲಗಳಲ್ಲೊಂದು. ಬೌರಿಂಗನ ಕಾಲದಲ್ಲಿ ರಾಜ್ಯವು ಮೂರು ವಿಭಾಗಗಳಾಗಿ, ಎಂಟು ಜಿಲ್ಲೆಗಳಾಗಿ ಏರ್ಪಟ್ಟಿತು. ಶಿವಮೊಗ್ಗೆ ನಗರ ವಿಭಾಗದ ಜಿಲ್ಲೆಯಾಯಿತು. ಕೋಲಾರದವನು ಮಲೆನಾಡಿಗೆ, ಮಲೆನಾಡಿನವನು ಚಿತ್ರದುರ್ಗಕ್ಕೆ ಹೋಗಿ ಸೇವೆ ಸಲ್ಲಿಸುವ ಪದ್ಧತಿ ಇಂಥ ಏರ್ಪಾಟಿನಲ್ಲಿ ಸಹಜವಾಯಿತು. ಇದರಿಂದ ನ್ಯಾಯಕ್ಕೆ ಅನುಕೂಲವಾಯಿತು. ಆದರೆ ಪ್ರತಿಯೊಂದು ವರ್ಗಾವಣೆಯ ಹಿಂದೆ ಗಾಡಿಗಳ ಸಾಲೊಂದು ಹೊರಡುವಂತಾಯಿತು.

ಆ ಗಾಡಿಗಳು ಎಲ್ಲಿಂದ ಬರಬೇಕು? ಬ್ರಿಟಿಷರ ಆಳ್ವಿಕೆಯಲ್ಲಿ ಇದಕ್ಕೆ ಎರಡು ಉತ್ತರಗಳು ಏಕಕಾಲದಲ್ಲಿದ್ದವು. ಕಾಗದದ ಮೇಲಿನ ಉತ್ತರ, ನ್ಯಾಯವಾದ ಬಾಡಿಗೆ ಕೊಟ್ಟು ಪಡೆಯಬೇಕೆಂಬುದು. ಬಂಗಾಳದ ೧೮೦೬ರ ಹನ್ನೊಂದನೆಯ ರೆಗ್ಯುಲೇಷನ್ ಸೈನ್ಯಕ್ಕೂ ಪ್ರಯಾಣಿಕರಿಗೂ ಕೂಲಿಗಳನ್ನೂ ಗಾಡಿಗಳನ್ನೂ ಒದಗಿಸಿಕೊಡುವುದನ್ನು ಜಿಲ್ಲಾಧಿಕಾರಿಗಳ ಕರ್ತವ್ಯವೆಂದು ಗೊತ್ತುಮಾಡಿತು. ರೂಢಿಯ ಉತ್ತರ, ದೌಲತ್ತಿನ ಜವಾನನೊಬ್ಬ ಮುಂಗಡವಾಗಿ ಬಂದು ಪಟೇಲನಿಗೆ ತಿಳಿಸುವುದು, ಪಟೇಲನು ಯಾರ ಗಾಡಿ ಬಿಡುವಾಗಿದೆಯೆಂದು ನೋಡದೆ ಯಾರು ಎದುರಾಡಲಾರರೆಂದು ನೋಡಿ ಹಿಡಿಸುವುದು. ಬಿತ್ತನೆಯ ದಿನವೂ ಒಂದೇ, ಸುಗ್ಗಿಯ ದಿನವೂ ಒಂದೇ. ಕೂಲಿ ಕೊಟ್ಟರೂ ಅದು ಹೊತ್ತವನ ಕೈ ಸೇರುವ ಮುನ್ನ ಎಷ್ಟೋ ಕೈಗಳನ್ನು ದಾಟಬೇಕಾಗಿದ್ದಿತು. ಹೊರೆ ಎರಡು ಮಣ ಹೆಚ್ಚಾದರೆ ಅಧಿಕಾರಿಯ ಜೇಬಿಗೆ ಏನೂ ಕೊರತೆಯಿಲ್ಲ. ಇನ್ನೊಬ್ಬ ಆಳನ್ನು ಕರೆಸಿದರೆ ಆಯಿತು. ತೂಗದ ಹೊರೆಗೆ ಮಿತಿಯೂ ಇರಲಿಲ್ಲ, ಮಿತಿ ಮೀರುವ ಮಾತೂ ಇರಲಿಲ್ಲ.

ಈ ಪದ್ಧತಿಗೆ ಪ್ರಜೆಗಳ ಪ್ರತಿಭಟನೆ ಅತ್ಯಂತ ನಿಚ್ಚಳವಾಗಿ ಪ್ರಕಟವಾದುದು ನಮ್ಮ ನಾಡಿನಿಂದ ದೂರದ ಕುಮಾವೂಂ ಬೆಟ್ಟಗಳಲ್ಲಿ. ಅಲ್ಲಿ ಗಾಡಿಯ ದಾರಿಗಳಿಲ್ಲದುದರಿಂದ ಅಧಿಕಾರಿಗಳ ಸಾಮಾನೆಲ್ಲವೂ ಮನುಷ್ಯನ ಬೆನ್ನ ಮೇಲೆಯೇ ಸಾಗಬೇಕಾಗಿದ್ದಿತು. ಯಾವ ಮನೆಯವನ ಸರದಿ ಯಾವಾಗ ಎಂಬುದಕ್ಕೆ ಹಳ್ಳಿಯ ಮುಖ್ಯಸ್ಥನ ಬಳಿ ರಿಜಿಸ್ಟರುಗಳಿದ್ದವು. ೧೯೨೧ರ ಮಕರ ಸಂಕ್ರಾಂತಿಯ ಜಾತ್ರೆಗೆ ಬಾಗೇಶ್ವರದಲ್ಲಿ ಸೇರಿದ ಜನರು ಬದರೀದತ್ತ ಪಾಂಡೆ ಮೊದಲಾದವರ ಮುಂದಾಳುತನದಲ್ಲಿ, ಇನ್ನು ಮುಂದೆ ಈ ಹೊರೆಯನ್ನು ಹೊರುವುದಿಲ್ಲವೆಂದು ಸಂಕಲ್ಪಮಾಡಿ ಆ ರಿಜಿಸ್ಟರುಗಳನ್ನು ಸರಯೂ ನದಿಗೆ ಎಸೆದರು. ಹಿರೇಹಡಗಲಿಯ ಪಟಗಳಲ್ಲಿ ‘ಪರಂಪರೆ’ಯೆಂದು ಸೂಚಿತವಾದ ಸರದಿಯ ಪದ್ಧತಿಯೇ ಬಾಗೇಶ್ವರದಲ್ಲಿ ನೀರಿಗೆ ಬಿದ್ದುದು. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಭಾರತ ಸಂವಿಧಾನದ ೨೩ನೆಯ ಅನುಚ್ಛೇದವು ಬೇಗಾರನ್ನು ಹೆಸರಿಸಿಯೇ ನಿಷೇಧಿಸಿತು. ದತ್ತಿಭೂಮಿಗಳಿಗೆ ಮಾತ್ರ ದೊರೆಯುತ್ತಿದ್ದ ವಿನಾಯಿತಿ ಆ ದಿನ ಪ್ರತಿಯೊಬ್ಬ ಪ್ರಜೆಗೂ ದೊರೆಯಿತೆಂದು ಹೇಳಬಹುದು.

೫

ಬಿಟ್ಟಿ ಅಳಿಯುವುದಕ್ಕೆ ಮನಸ್ಸಾಕ್ಷಿಯಷ್ಟೇ ಕಾರಣವಾಗಲಿಲ್ಲ. ರೈಲು ಬಂದುದೂ ಒಂದು ಕಾರಣ. ರೈಲಿಗೆ ಬಿಟ್ಟಿಯಿಲ್ಲ. ಅಮಲ್ದಾರನ ಪೆಟ್ಟಿಗೆಯನ್ನೂ ಅದು ತೂಗಿಯೇ ಒಯ್ಯುತ್ತದೆ, ರಸೀದಿ ಕೊಡುತ್ತದೆ. ಬೀರೂರಿನಿಂದ ತರೀಕೆರೆ, ಬೆಂಕಿಪುರಗಳ ಮೂಲಕ ಶಿವಮೊಗ್ಗೆಗೆ ಮೀಟರ್ ಗೇಜಿನ ದಾರಿ ತೆರೆದುದು ೧೮೯೯ರಲ್ಲಿ. ಬೆಂಕಿಪುರವೇ ಭದ್ರಾವತಿಯೆಂಬ ಹೆಸರು ಪಡೆದು, ೧೯೧೮ರಲ್ಲಿ ಸ್ಥಾಪಿತವಾದ ಕಬ್ಬಿಣದ ಕಾರ್ಖಾನೆಯಿಂದ ಪ್ರಸಿದ್ಧವಾಯಿತು. ಅಂದಿನಿಂದ ಹೊಳೆಹೊನ್ನೂರಿಗೆ ಬರುವ ನೌಕರನ ಪ್ರಯಾಣ ಎರಡು ಭಾಗವಾಯಿತು: ನಿಲ್ದಾಣದವರೆಗೆ ತೂಕದ ಲೆಕ್ಕ, ನಿಲ್ದಾಣದಿಂದ ಊರಿಗೆ ಗಾಡಿಯ ಲೆಕ್ಕ.

ಸಾಗಣೆ ವೆಚ್ಚದ ನಿಯಮಗಳು ರೂಪುಗೊಂಡುದು ಈ ರೈಲಿನ ರಸೀದಿಯ ಸುತ್ತ. ಬ್ರಿಟಿಷ್ ಇಂಡಿಯದಲ್ಲಿ ೧೯೨೨ರ ಜನವರಿ ೧ರಿಂದ ಜಾರಿಗೆ ಬಂದ ಮೂಲನಿಯಮಗಳು ಮತ್ತು ಅವುಗಳ ಪೂರಕ ನಿಯಮಗಳು ನೌಕರರನ್ನು ದರ್ಜೆಗಳಾಗಿ ವಿಂಗಡಿಸಿ, ಒಂದೊಂದು ದರ್ಜೆಗೆ ಇಷ್ಟು ಮಣವೆಂದು ಮಿತಿ ಕಟ್ಟಿದುವು. ಮೈಸೂರು ಸಂಸ್ಥಾನಕ್ಕೆ ಅದರದೇ ಆದ ಸೇವಾನಿಬಂಧನೆಗಳಿದ್ದವು. ಈ ನಿಯಮಾವಳಿಯ ಮೂರು ಲಕ್ಷಣಗಳನ್ನು ಗಮನಿಸಬೇಕು.

ಮೊದಲನೆಯದು, ಭತ್ಯವು ಒಟ್ಟಿನಲ್ಲಿ ಲಾಭದ ಮೂಲವಾಗಕೂಡದೆಂಬ ತತ್ತ್ವ. ನೌಕರನಿಗೆ ಆದ ಖರ್ಚನ್ನು ತುಂಬಿಕೊಡುವುದಷ್ಟೇ ಸರ್ಕಾರದ ಹೊಣೆ. ಎರಡನೆಯದು, ಗೂಡ್ಸ್ ರೈಲಿನಲ್ಲಿ, ಮಾಲೀಕನ ಜವಾಬ್ದಾರಿಯ ದರದಲ್ಲಿ ಆಗುವ ವೆಚ್ಚವನ್ನೇ ಅಳತೆಗೋಲಾಗಿ ಇರಿಸಿಕೊಂಡುದು. ರೈಲ್ವೆಯ ಜವಾಬ್ದಾರಿಯಲ್ಲಿ ಕಳುಹಿಸಿದರೆ ದರ ಹೆಚ್ಚು. ಮಾಲೀಕನ ಜವಾಬ್ದಾರಿಯಲ್ಲಿ ಕಳುಹಿಸಿದರೆ ಕಡಮೆ, ಆದರೆ ದಾರಿಯಲ್ಲಿ ಉಪ್ಪಿನಕಾಯಿಯ ಭರಣಿ ಒಡೆದರೆ ಕೇಳುವಂತಿಲ್ಲ. ಅಧಿಕ ತೂಕದ ಜೊತೆಗೆ ಒಡಕಿನ ನಷ್ಟವೂ ಹೀಗೆ ನೌಕರನದಾಯಿತು. ಮೂರನೆಯದು, ರೈಲಿನ ಸಂಪರ್ಕವಿರುವ ಎರಡು ಊರುಗಳ ನಡುವೆ ರಸ್ತೆಯ ಮೇಲೆ ಸಾಮಾನು ಸಾಗಿಸಿದರೂ, ರೈಲಿನಲ್ಲಿ ಸಾಗಿಸಿದ್ದರೆ ಎಷ್ಟಾಗುತ್ತಿದ್ದಿತೋ ಅಷ್ಟಕ್ಕೆ ಮಾತ್ರ ಬಿಲ್ಲು ಮಂಜೂರಾಗುತ್ತಿದ್ದುದು. ಕಾಗದದ ಮೇಲೆ ಓಡುವ ಈ ರೈಲಿಗೂ ರಸ್ತೆಯ ಮೇಲೆ ನಿಜವಾಗಿ ಓಡಿದ ಲಾರಿಗೂ ನಡುವಣ ವ್ಯತ್ಯಾಸವನ್ನು ನೌಕರನೇ ಭರಿಸಬೇಕು.

ತೂಕದ ಹೆಸರೂ ತೊಡಕಿನದು. ನಿಯಮದ ಮಣ ರೈಲ್ವೆಯ ಮಣ, ಸುಮಾರು ೩೭.೩ ಕಿಲೋಗ್ರಾಮಿನದು. ಮೈಸೂರಿನ ಪೇಟೆಯ ಕಚ್ಚಾಮಣವಾದರೋ ಇಪ್ಪತ್ತನಾಲ್ಕು ರೂಪಾಯಿ ತೂಕದ ಸೇರು ನಲವತ್ತಕ್ಕೆ ಒಂದು. ಸುಮಾರು ೧೧ ಕಿಲೋಗ್ರಾಮಿನದು. ಹೆಸರು ಒಂದೇ ಆದರೂ ತೂಕ ಮೂರು ಪಟ್ಟಿಗಿಂತ ಹೆಚ್ಚು. ಹಳೆಯ ಬಿಲ್ಲುಗಳನ್ನು ಓದುವ ವಿದ್ಯಾರ್ಥಿ ಯಾವ ಮಣವೆಂದು ಮೊದಲು ನಿಶ್ಚಯಿಸಿಕೊಳ್ಳದಿದ್ದರೆ ಅವನ ಲೆಕ್ಕವೆಲ್ಲ ತಪ್ಪುತ್ತದೆ. ೧೯೫೬ರ ಕಾನೂನಿನ ಮೇರೆಗೆ ೧೯೫೮ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಬಳಕೆಗೆ ಬರತೊಡಗಿದ ಮೇಲೆ ಈ ಗೊಂದಲ ಕ್ರಮೇಣ ಕೊನೆಗೊಂಡಿತು.

ಇನ್ನು, ಯಾವುದು ಮನೆಸಾಮಾನು ಎಂಬ ಪ್ರಶ್ನೆ. ಹಳೆಯ ನಿಯಮಗಳಲ್ಲಿ ಅಧಿಕಾರಿಯ ಕುದುರೆಗೂ ವಾಹನಕ್ಕೂ ಪ್ರತ್ಯೇಕವಾದ ಸ್ಥಾನವಿದ್ದಿತು; ಗುಮಾಸ್ತನ ಮನೆಯ ಕರೆಯುವ ಹಸುವಿಗೆ ಅಂಥ ಸ್ಥಾನವಿರಲಿಲ್ಲ. ಒರಳುಕಲ್ಲು, ಬೀಸುವಕಲ್ಲುಗಳ ತೂಕವೇ ಒಂದು ಸಣ್ಣ ಸಂಸಾರದ ಮಿತಿಯಲ್ಲಿ ದೊಡ್ಡ ಪಾಲನ್ನು ನುಂಗುವಂಥದು. ಅವನ್ನು ಹಿಂದಿನ ಮನೆಯಲ್ಲಿಯೇ ಬಿಟ್ಟು ಹೊಸ ಊರಿನಲ್ಲಿ ಬೇರೆ ಹುಡುಕುವುದು, ಹಂಡೆಯೊಳಗೆ ಪಾತ್ರೆಗಳನ್ನು, ಪಾತ್ರೆಯೊಳಗೆ ಬಟ್ಟೆಗಳನ್ನು ತುಂಬುವುದು ನೌಕರರ ಮನೆಯ ಹೆಂಗಸರಿಗೆ ಕರಗತವಾದ ಜಾಣ್ಮೆ. ಬೋಧಕವೃತ್ತಿಯ ನಮ್ಮಂಥವರಿಗೆ ಪುಸ್ತಕಗಳೇ ಒರಳುಕಲ್ಲು. ಆಸ್ತಿಯೆಂದು ತೋರಿಸುವಷ್ಟು ಬೆಲೆ ಅವಕ್ಕಿಲ್ಲ. ತಕ್ಕಡಿಯಲ್ಲಿಟ್ಟರೆ ಮಾತ್ರ ಮಿಕ್ಕೆಲ್ಲ ಸಾಮಾನಿಗೂ ಅವು ಸರಿದೂಗುತ್ತವೆ.

೬

೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದುದು ಈ ವಿಷಯದಲ್ಲಿಯೂ ಒಂದು ಹೊಸ ಘಟ್ಟ. ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳಿಂದ ಬಂದ ನೌಕರರು ಬೇರೆ ಬೇರೆ ಸೇವಾನಿಯಮಗಳಿಗೆ ಒಳಪಟ್ಟಿದ್ದವರು. ಅವರ ಸೇವಾಷರತ್ತುಗಳನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ಅವರಿಗೆ ಅಹಿತವಾಗುವಂತೆ ಬದಲಿಸಕೂಡದೆಂದು ರಾಜ್ಯ ಪುನರ್ವಿಂಗಡಣಾ ಕಾನೂನಿನ ೧೧೫ನೆಯ ಪ್ರಕರಣ ರಕ್ಷಣೆ ಕೊಟ್ಟಿತು. ೧೯೫೮ರ ಮಾರ್ಚ್ ೧ರಿಂದ ಮೈಸೂರು ಸಿವಿಲ್ ಸೇವಾ ನಿಯಮಗಳು ಜಾರಿಗೆ ಬಂದುವು. ಇಂದು ಕರ್ನಾಟಕದ ಹೆಸರಿನಿಂದ ನಡೆಯುತ್ತಿರುವುವು ಅವೇ. ಶಿವಮೊಗ್ಗೆಯ ನೌಕರನನ್ನು ಬೀದರಿಗೂ, ಬಿಜಾಪುರದವನನ್ನು ಹೊಳೆಹೊನ್ನೂರಿಗೂ ಕಳುಹಿಸುವುದು ಚರಿತ್ರೆಯಲ್ಲಿ ಮೊದಲ ಬಾರಿಗೆ ಶಕ್ಯವಾಯಿತು. ನಾಡು ಒಂದಾದುದರ ಸಂತೋಷವನ್ನು ಸಾಹಿತಿಗಳು ಬರೆದಿದ್ದಾರೆ. ಅದರ ಸಾಗಣೆ ವೆಚ್ಚ ನೌಕರರ ಬಿಲ್ಲುಗಳಲ್ಲಿದೆ.

ಹೋಬಳಿಯ ಮಟ್ಟದಲ್ಲಿ ಇದಕ್ಕಿಂತ ಆಳವಾದ ಬದಲಾವಣೆಯನ್ನು ತಂದುದು ಗ್ರಾಮಾಧಿಕಾರಗಳ ರದ್ದಿಯಾತಿಯ ೧೯೬೧ರ ಕಾನೂನು. ೧೯೬೩ರ ಫೆಬ್ರವರಿ ೧ರಿಂದ ಅದು ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆಯೂ ಪಟೇಲಿಕೆಯೂ ಕೊನೆಗೊಂಡುವು. ಶಾನುಭೋಗನ ಸ್ಥಾನಕ್ಕೆ ಗ್ರಾಮಲೆಕ್ಕಿಗನು ಬಂದನು. ಅವನು ಸಂಬಳದವನು, ವರ್ಗಾವಣೆಗೆ ಒಳಪಟ್ಟವನು. ಕದಲದೆ ಇದ್ದ ಒರಳುಕಲ್ಲು ಅಂದಿನಿಂದ ಕದಲತೊಡಗಿತು. ಕಂದಾಯದವರಲ್ಲದೆ ಶಾಲೆ, ಆಸ್ಪತ್ರೆ, ಪೊಲೀಸು, ಪಶುವೈದ್ಯ, ವಿದ್ಯುಚ್ಛಕ್ತಿ ಮೊದಲಾದ ಇಲಾಖೆಗಳವರೂ ಹೋಬಳಿಗಳಲ್ಲಿ ನೆಲೆಸಿದರು. ಹಿಂದೆ ವರ್ಷಕ್ಕೊಮ್ಮೆ ಜಮಾಬಂದಿಗೆ ಬಂದ ಅಧಿಕಾರಿಯ ಸಾಮಾನನ್ನು ಕಾಣುತ್ತಿದ್ದ ಊರು ಈಗ ಶಾಲೆಗಳು ತೆರೆಯುವ ಕಾಲಕ್ಕೆ ಲಾರಿಗಳಿಂದ ಇಳಿಯುವ ಸಂಸಾರಗಳನ್ನು ಕಾಣತೊಡಗಿತು. ಈ ಸಂಸಾರಗಳ ಹೊರೆಯನ್ನು ಇಳಿಸಿದ ಹಮಾಲಿ ಕೂಲಿ ಕೇಳಿ ಪಡೆಯುತ್ತಾನೆಂಬುದೇ ಹಿಂದಿನದಕ್ಕೂ ಇಂದಿನದಕ್ಕೂ ಇರುವ ಮುಖ್ಯ ವ್ಯತ್ಯಾಸ.

೭

ಮಿತಿಗೆ ಮೀರಿದ ವೆಚ್ಚವನ್ನು ನೌಕರನೇ ಭರಿಸಬೇಕೆಂಬ ತತ್ತ್ವ ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೧೯೪೬ರ ಕಾನೂನು ವರ್ಗಾವಣೆಯಾದ ಕೇಂದ್ರ ಸರ್ಕಾರದ ನೌಕರನಿಗೆ ಕಟ್ಟದ ಸಾಮಾನು ೭,೦೦೦ 
ಪೌಂಡಿನವರೆಗೆ ಸಾಗಿಸಲು ಅವಕಾಶ ಕೊಟ್ಟಿತು. ಆ ಮಿತಿ ಹೆಚ್ಚುತ್ತ ಈಗ ೧೮,೦೦೦ ಪೌಂಡು, ಎಂದರೆ ಸುಮಾರು ೮,೧೬೫ ಕಿಲೋಗ್ರಾಮು ಆಗಿದೆ. ಅಲ್ಲಿ ಅನೇಕ ವೇಳೆ ಸರ್ಕಾರವೇ ಸಾಗಣೆದಾರನಿಗೆ ಪೂರ್ತಿ ಹಣ ಕೊಟ್ಟು, ಅಧಿಕ ತೂಕಕ್ಕೆ ತಕ್ಕ ಪಾಲನ್ನು ಅನಂತರ ನೌಕರನಿಂದ ವಸೂಲುಮಾಡುತ್ತದೆ. ಸಾಗಣೆದಾರನ ಅಂದಾಜು ತಪ್ಪಾಗಿದ್ದಿತು, ಮೇಲಧಿಕಾರಿ ಬೇರೆ ಹೇಳಿದ್ದನು ಎಂಬ ಸಮಜಾಯಿಷಿಗಳು ಅಲ್ಲಿನ ಲೆಕ್ಕಪರಿಶೋಧಕರ ಮುಂದೆ ನಿಲ್ಲುವುದಿಲ್ಲ. ಮಿತಿಯನ್ನು ಕಾನೂನೇ ವಿಧಿಸಿರುವುದರಿಂದ ಅದನ್ನು ಮೀರುವ ಅಧಿಕಾರ ಯಾರಿಗೂ ಇಲ್ಲವೆಂಬುದು ಅವರ ನಿಲುವು. ನಮ್ಮಲ್ಲಿಯ ಕ್ರಮ ಇದಕ್ಕೆ ವಿಲೋಮ. ನೌಕರನು ಮೊದಲು ಕೈಯಿಂದ ಖರ್ಚುಮಾಡಿ, ಇಲ್ಲವೇ ಮುಂಗಡ ಪಡೆದು, ಬಿಲ್ಲು ಸಲ್ಲಿಸುತ್ತಾನೆ. ಬಿಲ್ಲು ಮಿತಿಗೆ ಕಡಿತವಾಗಿ ಬರುತ್ತದೆ. ಅಲ್ಲಿ ಹೊಣೆ ಬೇಡಿಕೆಯ ಪತ್ರವಾಗಿ ಬರುವುದರಿಂದ ವಿವಾದವಾಗುತ್ತದೆ, ತೀರ್ಪಾಗುತ್ತದೆ, ಅಚ್ಚಾಗುತ್ತದೆ. ಇಲ್ಲಿ ಅದು ಕೆಂಪು ಶಾಯಿಯ ಒಂದು ಗೆರೆಯಾಗಿ ಮುಗಿದುಹೋಗುತ್ತದೆ.

ಇದಕ್ಕಿಂತ ಮುಖ್ಯವಾದ ಭೇದ ಇನ್ನೊಂದಿದೆ. ಅಮೆರಿಕದ ಆ ಮಿತಿ ಸಿವಿಲ್ ನೌಕರರಿಗೆಲ್ಲ ಒಂದೇ. ಹಿರಿಯನಿಗೂ ಕಿರಿಯನಿಗೂ ೧೮,೦೦೦ ಪೌಂಡು. ಸೈನಿಕರಿಗೆ ಮಾತ್ರ ಅಲ್ಲಿ ದರ್ಜೆಯ ಮೇಲೆ ತೂಕ. ನಮ್ಮಲ್ಲಿ ಸಿವಿಲ್ ನೌಕರನ ತೂಕವೂ ದರ್ಜೆಯನ್ನು ಅನುಸರಿಸುತ್ತದೆ. ಕೇಂದ್ರ ಸರ್ಕಾರವು ಏಳನೆಯ ವೇತನ ಆಯೋಗದ ಮೇರೆಗೆ ೨೦೧೭ರ ಜುಲೈ ೧ರಿಂದ ಜಾರಿಗೆ ತಂದ ಆದೇಶದಲ್ಲಿ ಆರನೆಯ ವೇತನಹಂತ ಮತ್ತು ಅದಕ್ಕೆ ಮೇಲಿನವರಿಗೆ ೬,೦೦೦ ಕಿಲೋಗ್ರಾಮು, ಐದನೆಯ ಹಂತದವರಿಗೆ ೩,೦೦೦, ನಾಲ್ಕನೆಯ ಮತ್ತು ಅದಕ್ಕೆ ಕೆಳಗಿನವರಿಗೆ ೧,೫೦೦ ಎಂದು ಗೊತ್ತುಮಾಡಿತು. ರಸ್ತೆಯ ಸಾಗಣೆಗೆ ಕಿಲೋಮೀಟರಿಗೆ ಆ ಆದೇಶದಲ್ಲಿ ಗೊತ್ತಾದ ದರವೂ ಕ್ರಮವಾಗಿ ೫೦, ೨೫ ಮತ್ತು ೧೫ ರೂಪಾಯಿಯಾಗಿದ್ದಿತು. ಕರ್ನಾಟಕದ ನಿಯಮಗಳೂ ದರ್ಜೆಯ ತತ್ತ್ವವನ್ನೇ ಅನುಸರಿಸುತ್ತವೆ.

ಈ ವಿಂಗಡಣೆಯ ಪರವಾಗಿ ಹೇಳಬಹುದಾದ ಮಾತುಗಳಿಲ್ಲದೆ ಇಲ್ಲ. ಕೆಳದರ್ಜೆಯ ನೌಕರರ ವರ್ಗಾವಣೆ ಸಾಮಾನ್ಯವಾಗಿ ಜಿಲ್ಲೆಯ ಎಲ್ಲೆಯೊಳಗೇ ನಡೆಯುತ್ತದೆ, ದೂರ ಕಡಮೆ. ಅಧಿಕಾರಿಯ ಮನೆಯಲ್ಲಿ ಕಚೇರಿಯ ಕೆಲಸಕ್ಕೆ ಬೇಕಾದ ಪೀಠೋಪಕರಣಗಳೂ ಇರಬಹುದು. ಹಿಂದೆ ಸಂಬಳಕ್ಕೆ ತಕ್ಕಂತೆ ಸಾಮಾನಿರುವುದೂ ನಿಜವಾಗಿದ್ದಿತು. ಆದರೆ ಇಂದು ಶೀತಕಪೆಟ್ಟಿಗೆಯೂ ಬಟ್ಟೆಯೊಗೆಯುವ ಯಂತ್ರವೂ ಕಬ್ಬಿಣದ ಬೀರುವೂ ಜವಾನನ ಮನೆಯಲ್ಲಿಯೂ ಇವೆ. ಅವುಗಳ ತೂಕ ಒಡೆಯನ ದರ್ಜೆಯನ್ನು ನೋಡಿ ಹೆಚ್ಚು ಕಡಮೆಯಾಗುವುದಿಲ್ಲ. ಲಾರಿಯವನೂ ಬಾಡಿಗೆ ಹೇಳುವಾಗ ವೇತನಹಂತವನ್ನು ಕೇಳುವುದಿಲ್ಲ. ಹೀಗಾಗಿ ಮಿತಿಗೆ ಮೀರಿದ ವೆಚ್ಚವನ್ನು ಕೈಯಿಂದ ತೆರುವ ಸಂಭವ ಕಡಮೆ ಸಂಬಳದವನಿಗೇ ಹೆಚ್ಚು.

ಸ್ವಂತ ಕೋರಿಕೆಯ ವರ್ಗಾವಣೆಯ ನಿಯಮವೂ ಇದೇ ದೃಷ್ಟಿಯಿಂದ ವಿಚಾರಾರ್ಹ. ರಾಜ್ಯದ ಅತಿ ದೊಡ್ಡ ನೌಕರವರ್ಗಗಳಲ್ಲೊಂದಾದ ಶಿಕ್ಷಕರ ವರ್ಗಾವಣೆಗೆ ೨೦೦೭ರಲ್ಲಿಯೂ ೨೦೨೦ರಲ್ಲಿಯೂ ಪ್ರತ್ಯೇಕ ಕಾನೂನುಗಳಾದುವು. ದೂರದ ಊರಿಗೆ ಮೊದಲ ನೇಮಕವಾಗಿ ಹೋಗಿ, ವರ್ಷಗಳ ಮೇಲೆ ಪತಿ ಅಥವಾ ಪತ್ನಿಯಿರುವ ಊರಿಗೆ ಬರಲು ಕೋರಿಕೆ ಸಲ್ಲಿಸುವ ಉಪಾಧ್ಯಾಯನು ಇಚ್ಛೆಯಿಂದ ಊರು ಬಿಡುವವನೆಂದು ಗಣಿತನಾಗುತ್ತಾನೆ. ಇಚ್ಛೆಗೂ ಅನಿವಾರ್ಯಕ್ಕೂ ನಡುವಣ ಗೆರೆ ನಿಯಮದಲ್ಲಿರುವಷ್ಟು ನೇರವಾಗಿ ಬಾಳಿನಲ್ಲಿಲ್ಲ.

೮

ಮೇಲಿನ ಸಮೀಕ್ಷೆಯಿಂದ ನಾವು ಎರಡು ನಿರ್ಣಯಗಳಿಗೆ ಬರುತ್ತೇವೆ. ಒಂದು: ಅಧಿಕ ತೂಕಕ್ಕೆ ನೌಕರನೇ ಹೊಣೆಯೆಂಬ ತತ್ತ್ವ ನ್ಯಾಯವಾದುದು, ಚರಿತ್ರೆಯಲ್ಲಿ ಬೆಲೆ ತೆತ್ತು ಪಡೆದುದು. ಮಿತಿಯಿಲ್ಲದ ಕಾಲದಲ್ಲಿ ಆ ತೂಕ ಇಲ್ಲವಾಗಿರಲಿಲ್ಲ, ಎದುರಾಡಲಾರದ ಇನ್ನೊಬ್ಬನ ಮೇಲಿದ್ದಿತು. ಬಿಲ್ಲು ಕಡಿತವಾಯಿತೆಂದು ಬೇಸರಪಡುವ ನೌಕರನು ಇದನ್ನು ನೆನೆಯುವುದು ಉಚಿತ. ಎರಡು: ತತ್ತ್ವ ನ್ಯಾಯವಾದರೂ ಅದರ ಅಳತೆ ಇನ್ನೂ ಹಳೆಯ ಕಾಲದ್ದೇ. ಹೊರೆಯನ್ನು ಸಂಸಾರದಿಂದ ಅಳೆಯದೆ ಪದವಿಯಿಂದ ಅಳೆಯುವುದು, ದೊಡ್ಡವನಿಗೆ ಹೆಚ್ಚು ಆಳುಗಳನ್ನು ಒದಗಿಸುತ್ತಿದ್ದ ಬಿಟ್ಟಿಯ ಪದ್ಧತಿಯ ನೆರಳು. ಬಿಟ್ಟಿಯನ್ನು ತೊಡೆದುಹಾಕಿದೆವು, ಆ ಶ್ರೇಣಿಯನ್ನು ಮಾತ್ರ ಕಿಲೋಗ್ರಾಮುಗಳಲ್ಲಿ ಉಳಿಸಿಕೊಂಡಿದ್ದೇವೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಪ್ರಯಾಣಭತ್ಯದ ಬಿಲ್ಲುಗಳನ್ನು ಗೊತ್ತಾದ ಅವಧಿಯ ಮೇಲೆ ನಾಶಪಡಿಸುವುದು ಕಚೇರಿಗಳ ಕ್ರಮ. ಯುದ್ಧದ ದಾಖಲೆಗಳು ಉಳಿಯುತ್ತವೆ, ಇವು ಉಳಿಯುವುದಿಲ್ಲ. ಆದರೆ ನಿವೃತ್ತರಾದ ನೌಕರರ ಮನೆಯ ಪೆಟ್ಟಿಗೆಗಳಲ್ಲಿ ಹಳೆಯ ಆಜ್ಞೆಗಳೂ ರೈಲ್ವೆ ರಸೀದಿಗಳೂ ದೊರೆಯುವುದುಂಟು. ಗಾಡಿ ಹೊಡೆದವರ, ಹಮಾಲಿ ಮಾಡಿದವರ ನೆನಪುಗಳೂ ಇನ್ನು ಕೆಲವು ವರ್ಷ ದೊರೆಯುತ್ತವೆ. ಹೊಳೆಹೊನ್ನೂರಿನಂಥ ಒಂದೊಂದು ಹೋಬಳಿಯನ್ನು ಒಬ್ಬೊಬ್ಬರು ಆರಿಸಿಕೊಂಡು ಇವನ್ನು ಸಂಗ್ರಹಿಸಿದರೆ, ಸರ್ಕಾರ ನಡೆದುಬಂದ ದಾರಿಯ ಚರಿತ್ರೆಯನ್ನು ಅದರ ಹೊರೆ ಹೊತ್ತವರ ಕಡೆಯಿಂದಲೂ ಬರೆಯುವುದು ಸಾಧ್ಯವಾದೀತು.